ಅರ್ಧ ನಿಮಿಷದ ಓಟ: ಗ್ರೇಹೌಂಡ್ ನಾಯಿಯೂ ಮನುಷ್ಯನೂ

ನಮ್ಮಲ್ಲಿ ಹೆಚ್ಚಿನವರು ಗ್ರೇಹೌಂಡ್ ಎಂಬ ಹೆಸರನ್ನು ಮೊದಲ ಬಾರಿಗೆ ಕೇಳಿದ್ದು ನಾಯಿಯ ವಿಷಯ ಬಂದಾಗ ಅಲ್ಲ. ನೆರೆಯ ಆಂಧ್ರದಲ್ಲಿ ನಕ್ಸಲರನ್ನು ಎದುರಿಸಲೆಂದು 1989ರಲ್ಲಿ ಕಟ್ಟಿದ ಪೊಲೀಸ್ ಪಡೆಯ ಹೆಸರಾಗಿ ಅದು ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಅಮೆರಿಕಕ್ಕೆ ಓದಲು ಹೋದವರಿಗೆ ಅದು ಊರಿಂದೂರಿಗೆ ಹೋಗುವ ಬಸ್ಸಿನ ಹೆಸರು. ಪೊಲೀಸ್ ಪಡೆಯೂ ಬಸ್ಸಿನ ಕಂಪನಿಯೂ ನಾಯಿಯಿಂದ ಪಡೆದುಕೊಂಡದ್ದು ವೇಗವನ್ನು ಮಾತ್ರ. ಆ ವೇಗದ ಹಿಂದೆ ಇರುವ ಜೀವದ ಬಗ್ಗೆ ಒಂದಿಷ್ಟು ಮಾತನಾಡಬೇಕೆಂದು ಸಂಘಟಕರು ಕೇಳಿದಾಗ ನಾನು ಸಂತೋಷದಿಂದ ಒಪ್ಪಿಕೊಂಡೆ. ಅಂದು ಸಭೆಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಸ್ವಲ್ಪ ಒಪ್ಪವಾಗಿ ಬರೆದಿದ್ದೇನೆ.

ಹೆಸರಿನಿಂದಲೇ ಆರಂಭಿಸೋಣ. 'ಗ್ರೇ' ಎಂದರೆ ಬೂದು ಬಣ್ಣ, ಆದ್ದರಿಂದ ಇದು ಬೂದು ನಾಯಿ ಎಂದು ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ನಾಯಿಗೆ 'ಗ್ರಿಗ್‌ಹುಂಡ್' ಎಂಬ ಹೆಸರಿತ್ತು, ಅದರ ಮೊದಲ ಭಾಗಕ್ಕೂ ಬೂದು ಬಣ್ಣಕ್ಕೂ ಸಂಬಂಧವಿಲ್ಲ. ಕಪ್ಪು, ಬಿಳಿ, ಕೆಂದು, ಪಟ್ಟೆಪಟ್ಟೆ, ಹೀಗೆ ಹಲವು ಬಣ್ಣಗಳಲ್ಲಿ ಹುಟ್ಟುವ ಈ ನಾಯಿಯನ್ನು ಗುರುತಿಸಬೇಕಾದದ್ದು ಅದರ ಮೈಕಟ್ಟಿನಿಂದ. ಉದ್ದನೆಯ ಮೂತಿ, ಬಿಲ್ಲಿನಂತೆ ಬಾಗಿದ ಬೆನ್ನು, ಆಳವಾದ ಎದೆಗೂಡು, ಬೆನ್ನಿಗೆ ಹತ್ತಿಕೊಂಡಂತಿರುವ ಹೊಟ್ಟೆ, ಸಣ್ಣ ಗಾಯಕ್ಕೂ ಹರಿದುಹೋಗುವಷ್ಟು ತೆಳುವಾದ ಚರ್ಮ. ಮುಧೋಳ ನಾಯಿಯನ್ನು ಹತ್ತಿರದಿಂದ ಕಂಡವರಿಗೆ ಈ ಆಕಾರವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಎರಡೂ ಬೇರೆ ಬೇರೆ ತಳಿಗಳೇ ಹೊರತು ಒಂದೇ ಅಲ್ಲ, ಆದರೆ ಎರಡೂ ಮಾಡಿಕೊಂಡು ಬಂದ ಕೆಲಸ ಒಂದೇ. ವಾಸನೆ ಹಿಡಿದು ನೆಲ ಮೂಸುತ್ತಾ ಹೋಗುವ ನಾಯಿಗಳಲ್ಲ ಇವು, ಬಯಲಿನಲ್ಲಿ ದೂರದ ಅಲುಗಾಟವನ್ನು ಕಣ್ಣಿನಿಂದಲೇ ಹಿಡಿದು ಅದರ ಬೆನ್ನು ಹತ್ತುವ ನಾಯಿಗಳು. ಕೆಲಸ ಒಂದಾದಾಗ ಮೈಯೂ ಒಂದೇ ಬಗೆಯಾಗಿ ರೂಪುಗೊಳ್ಳುತ್ತದೆ.

ಈ ಮೈ ಓಡುವ ಬಗೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕುದುರೆ ನಾಗಾಲೋಟದಲ್ಲಿ ಓಡುವಾಗ ಒಂದು ಸುತ್ತಿನ ಹೆಜ್ಜೆಗೆ ಒಮ್ಮೆ ಮಾತ್ರ ಅದರ ನಾಲ್ಕೂ ಕಾಲುಗಳು ನೆಲ ಬಿಡುತ್ತವೆ. ಗ್ರೇಹೌಂಡ್ ಎರಡು ಬಾರಿ ನೆಲ ಬಿಡುತ್ತದೆ: ಹಿಂಗಾಲುಗಳು ಮುಂಗಾಲುಗಳನ್ನೂ ದಾಟಿ ಹೊಟ್ಟೆಯ ಕೆಳಗೆ ಮಡಚಿಕೊಂಡಾಗ ಒಮ್ಮೆ, ಇಡೀ ಮೈ ಬಿಟ್ಟ ಬಾಣದಂತೆ ನೀಳವಾಗಿ ಚಾಚಿಕೊಂಡಾಗ ಇನ್ನೊಮ್ಮೆ. ನಡುವೆ ಬೆನ್ನುಮೂಳೆ ಉಕ್ಕಿನ ಸ್ಪ್ರಿಂಗಿನಂತೆ ಮಡಚುತ್ತಾ ಬಿಚ್ಚುತ್ತಾ ಇರುತ್ತದೆ. ಗಂಟೆಗೆ ಸುಮಾರು 70 ಕಿಲೋಮೀಟರ್ ವೇಗವನ್ನು ಈ ನಾಯಿ ಮುಟ್ಟಬಲ್ಲದು. ಅದರ ಹೃದಯ ಮೈತೂಕಕ್ಕೆ ಹೋಲಿಸಿದರೆ ಇತರ ನಾಯಿಗಳ ಹೃದಯಕ್ಕಿಂತ ದೊಡ್ಡದು, ರಕ್ತದಲ್ಲಿ ಕೆಂಪುಕಣಗಳ ಪ್ರಮಾಣವೂ ಹೆಚ್ಚು. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆ ಮದ್ದುಗಳು ಇದಕ್ಕೆ ಅಪಾಯಕಾರಿ ಎಂಬುದನ್ನು ಪಶುವೈದ್ಯರು ಬಲ್ಲರು. ಒಟ್ಟಿನಲ್ಲಿ ಅರ್ಧ ನಿಮಿಷದ ಓಟಕ್ಕಾಗಿ ಕಟ್ಟಿದ ದೇಹ ಇದು. ಆ ಅರ್ಧ ನಿಮಿಷ ಕಳೆದ ಮೇಲೆ ದಿನದ ಬಹುಭಾಗವನ್ನು ನಿದ್ದೆಯಲ್ಲಿ ಕಳೆಯುವುದೇ ಅದರ ಸ್ವಭಾವ.

ಮನುಷ್ಯ ಈ ಓಟವನ್ನು ಎರಡು ಬಗೆಯಲ್ಲಿ ನೋಡಿದ್ದಾನೆ. ಒಂದು, ಓಟದಲ್ಲಿ ನಾಯಿಯನ್ನು ಕಾಣುವ ನೋಟ. ಇನ್ನೊಂದು, ಓಟದಲ್ಲಿ ಅಂಕಿಯನ್ನು ಕಾಣುವ ನೋಟ. ಎರಡನೆಯದು ಮೊದಲನೆಯದನ್ನು ಹೇಗೆ ನುಂಗಿತು ಎಂಬುದೇ ನಾನು ಹೇಳಹೊರಟ ಕಥೆ.

ಮೊದಲ ನೋಟಕ್ಕೆ ಒಳ್ಳೆಯ ಸಾಕ್ಷಿ ಕ್ರಿ.ಶ. ಎರಡನೆಯ ಶತಮಾನದ ಆರಿಯನ್. ಅಲೆಕ್ಸಾಂಡರನ ದಂಡಯಾತ್ರೆಯ ಚರಿತ್ರೆಯನ್ನು ಬರೆದವನೆಂದು ನಮಗೆ ಪರಿಚಿತನಾದ ಈ ಗ್ರೀಕ್ ಲೇಖಕ, ರೋಮನ್ ಸಾಮ್ರಾಜ್ಯದ ಅಧಿಕಾರಿಯೂ ಆಗಿದ್ದವನು, ಬೇಟೆನಾಯಿಗಳ ಮೇಲೆ ಒಂದು ಚಿಕ್ಕ ಪುಸ್ತಕ ಬರೆದಿದ್ದಾನೆ. ಅವನಿಗಿಂತ ಐದು ಶತಮಾನ ಹಿಂದೆ ಕ್ಸೆನೊಫೋನ್ ಇದೇ ವಿಷಯದ ಮೇಲೆ ಬರೆದಿದ್ದನಾದರೂ ಪಶ್ಚಿಮ ಯುರೋಪಿನ ಕೆಲ್ಟ್ ಜನರ ಗ್ರೇಹೌಂಡಿನಂಥ ವೇಗದ ನಾಯಿಗಳನ್ನು ಅವನು ಕಂಡಿರಲಿಲ್ಲ, ಆ ಕೊರತೆಯನ್ನು ತುಂಬಲೆಂದೇ ಆರಿಯನ್ ಲೇಖನಿ ಹಿಡಿದ. ಒಂದು ಮೊಲದ ಮೇಲೆ ಎರಡಕ್ಕಿಂತ ಹೆಚ್ಚು ನಾಯಿಗಳನ್ನು ಬಿಡಬಾರದು, ಮೊಲಕ್ಕೆ ಸ್ವಲ್ಪ ದೂರ ಓಡಲು ಅವಕಾಶ ಕೊಟ್ಟ ಮೇಲೆಯೇ ಬಿಡಬೇಕು ಎನ್ನುತ್ತಾನೆ. ನಿಜವಾದ ಬೇಟೆಗಾರರು ನಾಯಿಗಳನ್ನು ಕರೆದೊಯ್ಯುವುದು ಮೊಲವನ್ನು ಹಿಡಿಯಲೆಂದಲ್ಲ, ಓಟದ ಪೈಪೋಟಿಯನ್ನು ನೋಡಲೆಂದು, ಮೊಲ ತಪ್ಪಿಸಿಕೊಂಡರೆ ಅವರು ಸಂತೋಷಪಡುತ್ತಾರೆ ಎಂದೂ ಹೇಳುತ್ತಾನೆ. ನಾಯಿ ಮನುಷ್ಯನೊಬ್ಬನ ಜೊತೆಯಲ್ಲೇ ಮಲಗಬೇಕು ಎಂಬುದು ಅವನ ಇನ್ನೊಂದು ಸಲಹೆ.

ಆ ಪುಸ್ತಕದಲ್ಲಿ ನನ್ನನ್ನು ಬಿಡದೆ ಹಿಡಿದಿಟ್ಟ ಪುಟ ಒಂದಿದೆ. ಆರಿಯನ್ ಅಲ್ಲಿ ತನ್ನ ಸ್ವಂತ ಹೆಣ್ಣುನಾಯಿ ಹೊರ್ಮೆಯ ಬಗ್ಗೆ ಬರೆಯುತ್ತಾನೆ. ಮನೆಯಲ್ಲಿದ್ದರೆ ಅದು ಅವನ ಬಳಿಯಿಂದ ಕದಲುವುದಿಲ್ಲ, ವ್ಯಾಯಾಮಶಾಲೆಗೆ ಹೊರಟರೆ ಹಿಂದೆಯೇ ಬಂದು ಅವನ ಅಭ್ಯಾಸ ಮುಗಿಯುವವರೆಗೆ ಪಕ್ಕದಲ್ಲಿ ಕುಳಿತಿರುತ್ತದೆ. ಮರಿಯಾಗಿದ್ದಾಗ ಚಾಟಿಯ ಏಟು ತಿಂದದ್ದರ ನೆನಪು ಅದಕ್ಕೆ ಉಳಿದುಕೊಂಡಿತ್ತು. ಯಾರಾದರೂ ಚಾಟಿಯ ಹೆಸರೆತ್ತಿದರೆ ಸಾಕು, ಮೈ ಕುಗ್ಗಿಸಿಕೊಂಡು ಅವರ ಬಳಿ ಹೋಗಿ, ಮೇಲಕ್ಕೆ ನೆಗೆದು, ಕೊರಳಿಗೆ ಜೋತುಬಿದ್ದು, ಬಾಯಿಗೆ ಬಾಯಿ ತಾಗಿಸಿ, ಅವರ ಸಿಟ್ಟು ಇಳಿಯುವವರೆಗೂ ಬಿಡುತ್ತಿರಲಿಲ್ಲವಂತೆ. ತನ್ನ ನಾಯಿಯ ಹೆಸರು ಮುಂದಿನ ಕಾಲಕ್ಕೂ ಉಳಿಯಲಿ ಎಂದು ಅದನ್ನು ಬರೆದಿಡಲು ಹಿಂಜರಿಯುವುದಿಲ್ಲ ಎಂದು ಆರಿಯನ್ ಹೇಳಿದ್ದಾನೆ. ಹೆಸರು ಉಳಿದಿದೆ: ಇಂದು ನಾವು ಕನ್ನಡದಲ್ಲಿ ಅದನ್ನು ಉಚ್ಚರಿಸುತ್ತಿದ್ದೇವೆ.

ನಾಯಿಯ ಹೆಸರನ್ನು ಉಳಿಸಬೇಕೆಂಬ ಆಸೆ ಕನ್ನಡ ನಾಡಿಗೂ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಇಮ್ಮಡಿ ಬೂತುಗನೂ ಚೋಳರ ವಿರುದ್ಧ ತಕ್ಕೋಲದಲ್ಲಿ ಗೆದ್ದ ಯುದ್ಧದ ಹಿನ್ನೆಲೆ ಅದಕ್ಕಿದೆ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರ ಎಂಬ ವೀರ, ಅರಸನ ಮೆಚ್ಚುಗೆಯಾಗಿ ಏನನ್ನು ಬೇಕಾದರೂ ಬೇಡಬಹುದಾಗಿದ್ದಾಗ, ಬೇಡಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಹೆಸರಿನ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಹೋರಾಡಿ ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿ ದತ್ತಿ ಬಿಟ್ಟು, ಪೂಜೆಗೆ ಗೊರವನನ್ನು ನೇಮಿಸಿ, ಆ ಕಲ್ಲನ್ನು ಪೂಜಿಸದೆ ಅವನು ಉಂಡರೆ ಪಾಪ ತಟ್ಟುತ್ತದೆ ಎಂದು ಬರೆಸಲಾಯಿತು. ಕಾಳಿ ಯಾವ ತಳಿಯದೆಂದು ಶಾಸನ ಹೇಳುವುದಿಲ್ಲ. ಹಂದಿಯನ್ನು ಕೆಡವುವ ನಾಯಿ ಮೊಲವನ್ನು ಅಟ್ಟುವ ನಾಯಿಗಿಂತ ದಪ್ಪನೆಯ ಮೈಯದ್ದಾಗಿರಬೇಕೆಂಬುದು ನನ್ನ ಊಹೆ. ನಾನು ಇಲ್ಲಿ ಹೇಳಬಯಸಿದ್ದು ವಂಶಾವಳಿಯನ್ನಲ್ಲ, ಕಲ್ಲು ನಿಲ್ಲಿಸಿದವರ ಮನಸ್ಸನ್ನು.

ಏಕೆಂದರೆ ಮೂರು ನೂರು ವರ್ಷಗಳ ನಂತರ ಫ್ರಾನ್ಸಿನಲ್ಲಿ ಒಂದು ಗ್ರೇಹೌಂಡ್ ಸಂತನೇ ಆಗಿಹೋಯಿತು. ಲಿಯಾನ್ ನಗರದ ಉತ್ತರಕ್ಕಿರುವ ಹಳ್ಳಿಗಾಡಿನಲ್ಲಿ ಹೆಂಗಸರು ಕಾಯಿಲೆಯ ಮಕ್ಕಳನ್ನು ಎತ್ತಿಕೊಂಡು ಸಂತ ಗಿನ್‌ಫೋರ್ ಎಂಬವನ ತೋಪಿಗೆ ಹರಕೆ ಹೊತ್ತು ಹೋಗುತ್ತಿದ್ದರು. ಹದಿಮೂರನೆಯ ಶತಮಾನದ ನಡುಭಾಗದಲ್ಲಿ ಎತಿಯೆನ್ ದ ಬೂರ್ಬೋನ್ ಎಂಬ ಪಾದ್ರಿ ಈ ಸಂತ ಯಾರೆಂದು ವಿಚಾರಿಸಿದಾಗ ಅದು ಮನುಷ್ಯನಲ್ಲ, ನಾಯಿ ಎಂದು ತಿಳಿದುಬಂತು. ಕಥೆ ಹೀಗಿದೆ: ಒಬ್ಬ ಸಾಮಂತನ ಮನೆಯಲ್ಲಿ ಕೂಸು ತೊಟ್ಟಿಲಲ್ಲಿ ಮಲಗಿದ್ದಾಗ ಹಾವು ಬಂತು, ಕಾವಲಿಗಿದ್ದ ಗ್ರೇಹೌಂಡ್ ಹಾವನ್ನು ಕೊಂದಿತು, ಹಿಂದಿರುಗಿದ ಯಜಮಾನ ನಾಯಿಯ ಬಾಯಲ್ಲಿ ರಕ್ತ ಕಂಡು, ಕೂಸನ್ನೇ ಕೊಂದಿದೆಯೆಂದು ಭಾವಿಸಿ ಕತ್ತಿ ಎತ್ತಿದ. ಸಭೆಯಲ್ಲಿ ನಾನು ಇಷ್ಟು ಹೇಳುವಷ್ಟರಲ್ಲಿಯೇ ಮುಂದಿನ ಸಾಲಿನ ಹಿರಿಯರೊಬ್ಬರು 'ಮುಂಗುಸಿ' ಎಂದರು. ಹೌದು, ಇದು ಪಂಚತಂತ್ರದ ಬ್ರಾಹ್ಮಣನ ಮನೆಯ ಮುಂಗುಸಿಯ ಕಥೆಯೇ. ಭಾರತದಿಂದ ಅರಬ್ಬೀ ಮತ್ತು ಲ್ಯಾಟಿನ್ ಭಾಷೆಗಳ ದಾರಿಯಲ್ಲಿ ಪಶ್ಚಿಮಕ್ಕೆ ನಡೆದ ಪಂಚತಂತ್ರದ ಕಥೆಗಳಲ್ಲಿ ಇದೂ ಒಂದು. ಮುಂಗುಸಿ ಇಲ್ಲದ ನಾಡಿನಲ್ಲಿ, ಮನೆಯಲ್ಲಿ ಹೆಚ್ಚು ನಂಬಿಕೆ ಗಳಿಸಿದ ಪ್ರಾಣಿ ಯಾವುದೋ ಅದರ ಮೈ ಹೊಕ್ಕಿತು. ವೇಲ್ಸಿನ ಬೆಡ್‌ಗೆಲರ್ಟ್ ಎಂಬ ಊರಿನಲ್ಲಿ ಇದೇ ಕಥೆಯ ಗೆಲರ್ಟ್ ಎಂಬ ನಾಯಿಯ ಸಮಾಧಿಯನ್ನು ಇಂದಿಗೂ ಪ್ರವಾಸಿಗರಿಗೆ ತೋರಿಸುತ್ತಾರೆ. ಎತಿಯೆನ್ ಪಾದ್ರಿ ನಾಯಿಯ ಮೂಳೆಗಳನ್ನು ಅಗೆಸಿ, ತೋಪನ್ನು ಕಡಿಸಿ, ಎರಡನ್ನೂ ಒಟ್ಟಿಗೆ ಸುಡಿಸಿದ. ಆದರೂ ತಾಯಂದಿರು ಆ ಜಾಗಕ್ಕೆ ಹೋಗುವುದನ್ನು ಬಿಡಲಿಲ್ಲ, ಹತ್ತೊಂಬತ್ತನೆಯ ಶತಮಾನದವರೆಗೂ ಹರಕೆ ನಡೆದುಬಂದಿತು.

ಅರಮನೆಗಳ ಗ್ರೇಹೌಂಡ್ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಅದು ಎಲ್ಲ ಪುಸ್ತಕಗಳಲ್ಲೂ ಸಿಗುತ್ತದೆ. ಇಂಗ್ಲೆಂಡಿನ ಏಳನೆಯ ಹೆನ್ರಿಯ ಲಾಂಛನದಲ್ಲಿ ಬಿಳಿಯ ಗ್ರೇಹೌಂಡ್ ನಿಂತಿದೆ. 1486ರಲ್ಲಿ ಅಚ್ಚಾದ ಒಂದು ಬೇಟೆಯ ಪುಸ್ತಕ ಒಳ್ಳೆಯ ಗ್ರೇಹೌಂಡಿಗೆ ಹಾವಿನ ತಲೆ, ಬಾತುಕೋಳಿಯ ಕೊರಳು, ಬೆಕ್ಕಿನ ಪಾದ, ಇಲಿಯ ಬಾಲ ಇರಬೇಕೆಂದು ಪ್ರಾಸದಲ್ಲಿ ಹೇಳುತ್ತದೆ. ಬಡವರು ಈ ನಾಯಿಯನ್ನು ಸಾಕಕೂಡದೆಂದು ಹನ್ನೊಂದನೆಯ ಶತಮಾನದ ಇಂಗ್ಲೆಂಡಿನ ದೊರೆ ಕನೂಟ್ ಕಾನೂನು ಮಾಡಿದ್ದನೆಂಬ ಮಾತು ಎಲ್ಲೆಡೆ ಪ್ರಚಾರದಲ್ಲಿದೆ. ಆದರೆ ಆ ಕಾನೂನಿನ ಪಠ್ಯ ಅವನು ಸತ್ತು ನೂರಕ್ಕೂ ಹೆಚ್ಚು ವರ್ಷಗಳಾದ ಮೇಲೆ ಅವನ ಹೆಸರಿನಲ್ಲಿ ಸೃಷ್ಟಿಸಿದ ನಕಲಿ ಎಂಬುದು ವಿದ್ವಾಂಸರ ತೀರ್ಮಾನ. ಕೇಳಲು ಚೆನ್ನಾಗಿದೆ ಎಂಬ ಕಾರಣಕ್ಕೆ ಅದನ್ನು ಮತ್ತೆ ಮತ್ತೆ ಹೇಳುವುದು ಸಲ್ಲದು.

ಅಂಕಿಯ ನೋಟ ನಿಧಾನವಾಗಿ ಬಂತು. 1776ರಲ್ಲಿ ಲಾರ್ಡ್ ಆರ್ಫರ್ಡ್ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದ ಸ್ವಾಫಮ್ ಎಂಬಲ್ಲಿ ನಾಯಿಗಳನ್ನು ಮೊಲದ ಹಿಂದೆ ಬಿಟ್ಟು ಓಡಿಸುವ ಪಂದ್ಯದ ಮೊದಲ ಸಾರ್ವಜನಿಕ ಸಂಘವನ್ನು ಕಟ್ಟಿದ. 1836ರಲ್ಲಿ ಲಿವರ್‌ಪೂಲಿನ ಹತ್ತಿರದ ಆಲ್ಟ್‌ಕಾರ್ ಬಯಲಿನಲ್ಲಿ ವಾಟರ್ಲೂ ಕಪ್ ಎಂಬ ಇಂಥದೇ ಪಂದ್ಯ ಆರಂಭವಾಯಿತು. ಎರಡು ನಾಯಿಗಳನ್ನು ಒಂದೇ ಹಗ್ಗದಲ್ಲಿ ಹಿಡಿದ ಬಿಡುವವನು, ಮೊಲ ಸಾಕಷ್ಟು ಮುಂದೆ ಹೋದ ಮೇಲೆ ಒಮ್ಮೆಗೇ ಎರಡರ ಕೊರಳ ಪಟ್ಟಿಯನ್ನೂ ಕಳಚುತ್ತಿದ್ದ. ಕುದುರೆಯ ಮೇಲಿನ ತೀರ್ಪುಗಾರ ವೇಗಕ್ಕೆ ಇಷ್ಟು, ಮೊಲವನ್ನು ತಿರುಗಿಸಿದ್ದಕ್ಕೆ ಇಷ್ಟು ಎಂದು ಅಂಕ ಕೊಡುತ್ತಿದ್ದ. ಮೊಲವನ್ನು ಕೊಂದದ್ದಷ್ಟಕ್ಕೇ ಗೆಲುವು ಸಿಗುತ್ತಿರಲಿಲ್ಲ, ಅಷ್ಟರಮಟ್ಟಿಗೆ ಆರಿಯನ್ನನ ನೆರಳು ಇನ್ನೂ ಉಳಿದಿತ್ತು. ಆದರೆ ಮೊಲಗಳು ಸಾಯುತ್ತಿದ್ದವು, ಬಾಜಿಯ ಹಣ ಹರಿಯುತ್ತಿತ್ತು. ಐರ್ಲೆಂಡಿನ ಲಾರ್ಡ್ ಲರ್ಗನ್ ಅವರ ಮಾಸ್ಟರ್ ಮೆಗ್ರಾ ಎಂಬ ನಾಯಿ 1868, 1869 ಮತ್ತು 1871ರಲ್ಲಿ ಈ ಕಪ್ ಗೆದ್ದು, ವಿಕ್ಟೋರಿಯಾ ರಾಣಿಯ ಮುಂದೆ ನಿಲ್ಲುವ ಗೌರವ ಪಡೆಯಿತು. 2005ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನ ಬೇಟೆ ನಿಷೇಧದ ಕಾನೂನು ಜಾರಿಗೆ ಬಂದಾಗ ವಾಟರ್ಲೂ ಕಪ್ ಕೊನೆಗೊಂಡಿತು.

ಈ ಆಟವನ್ನು ನಗರಕ್ಕೆ ತಂದದ್ದು ಒಂದು ಯಂತ್ರ. 1876ರಲ್ಲಿಯೇ ಲಂಡನ್ನಿನ ಹೆಂಡನ್‌ನಲ್ಲಿ ಹಳಿಯ ಮೇಲೆ ಕೃತಕ ಮೊಲವನ್ನು ಎಳೆದು ನಾಯಿಗಳನ್ನು ಓಡಿಸಿ ನೋಡಿದ್ದರು. ಅದು ನೇರ ದಾರಿ, ಯಾವಾಗಲೂ ಹೆಚ್ಚು ವೇಗದ ನಾಯಿಯೇ ಗೆಲ್ಲುತ್ತಿದ್ದುದರಿಂದ ಜನ ಬೇಸತ್ತರು. ಅಮೆರಿಕದ ಓವನ್ ಪ್ಯಾಟ್ರಿಕ್ ಸ್ಮಿತ್ ದುಂಡನೆಯ ಹಾದಿಯಲ್ಲಿ ವಿದ್ಯುತ್ತಿನಿಂದ ಓಡುವ ಮೊಲವನ್ನು ರೂಪಿಸಿ 1919ರಲ್ಲಿ ಕ್ಯಾಲಿಫೋರ್ನಿಯಾದ ಎಮೆರಿವಿಲ್‌ನಲ್ಲಿ ಟ್ರ್ಯಾಕ್ ತೆರೆದ. ತಿರುವು ಬಂದಾಗ ನಾಯಿಗಳು ಒಂದಕ್ಕೊಂದು ತಾಗುತ್ತವೆ, ಹೊರಗಿನದು ಹಿಂದೆ ಬೀಳುತ್ತದೆ, ಹೀಗೆ ಫಲಿತಾಂಶ ಮೊದಲೇ ಗೊತ್ತಾಗುವುದಿಲ್ಲ. ಬಾಜಿಗೆ ಬೇಕಾದದ್ದು ಆ ಅನಿಶ್ಚಿತತೆಯೇ. 1926ರ ಜುಲೈ 24ರಂದು ಮ್ಯಾಂಚೆಸ್ಟರಿನ ಬೆಲ್ ವ್ಯೂ ಟ್ರ್ಯಾಕಿನಲ್ಲಿ ಬ್ರಿಟನ್ನಿನಲ್ಲಿ ಇಂಥ ದುಂಡು ಹಾದಿಯ ಮೊದಲ ಓಟ ನಡೆಯಿತು, ಮೊದಲು ಗುರಿ ಮುಟ್ಟಿದ್ದು ಮಿಸ್ಟ್ಲಿ ಎಂಬ ನಾಯಿ.

ಅದು ಕಾಳ್ಗಿಚ್ಚಿನಂತೆ ಹಬ್ಬಿದ್ದಕ್ಕೆ ಕಾರಣ ಸರಳವಾಗಿತ್ತು. ಆ ಕಾಲದಲ್ಲಿ ಕುದುರೆ ಓಟದ ಮೈದಾನದ ಹೊರಗೆ ನಗದು ಹಣದ ಬಾಜಿ ಕಾನೂನುಬಾಹಿರ, ಮೈದಾನಗಳೋ ಊರಿಂದ ದೂರ, ಓಟಗಳೋ ಹಗಲು ಹೊತ್ತಿನಲ್ಲಿ. ಗಿರಣಿಯಲ್ಲಿ ದುಡಿದು ಸಂಜೆ ಹೊರಬೀಳುವ ಕೂಲಿಕಾರನಿಗೆ ಟ್ರಾಮ್ ಹತ್ತಿದರೆ ಸಿಗುವ, ದೀಪದ ಬೆಳಕಿನಲ್ಲಿ ನಡೆಯುವ, ಕಾನೂನು ಒಪ್ಪಿದ ಬಾಜಿ ನಾಯಿಯ ಟ್ರ್ಯಾಕಿನಲ್ಲಿತ್ತು. ದೃಶ್ಯವನ್ನು ಕಲ್ಪಿಸಿಕೊಳ್ಳಿ: ಸುತ್ತಲೂ ಕತ್ತಲೆ, ನಡುವೆ ಬೆಳಕಿನ ಉಂಗುರ. ಆರು ಪೆಟ್ಟಿಗೆಗಳೊಳಗೆ ಆರು ನಾಯಿಗಳು, ಅವುಗಳ ಮೈಮೇಲೆ ಕೆಂಪು, ನೀಲಿ, ಬಿಳಿ, ಕಪ್ಪು, ಕಿತ್ತಳೆ, ಕಪ್ಪುಬಿಳುಪು ಪಟ್ಟೆಯ ಅಂಗಿಗಳು. ಹಳಿಯ ಮೇಲೆ ಮೊಲ ಗರಗರ ಸದ್ದು ಮಾಡುತ್ತಾ ಹತ್ತಿರ ಬಂದಂತೆ ಒಳಗಿನಿಂದ ಉಗುರು ಕೆರೆಯುವ ಸಪ್ಪಳ, ಕೀರಲು ದನಿ. ಬಾಗಿಲು ಮೇಲೆದ್ದ ಕ್ಷಣ ಆ ಎಲ್ಲ ಸದ್ದೂ ನಿಂತು, ಮರಳಿನ ಮೇಲೆ ಪಾದಗಳ ಸದ್ದು ಮಾತ್ರ ಉಳಿಯುತ್ತದೆ. 480 ಮೀಟರಿಗೆ ಮೂವತ್ತು ಸೆಕೆಂಡು ಸಹ ಬೇಡ.

ಮಿಕ್ ದ ಮಿಲ್ಲರ್ ಈ ಯುಗದ ನಾಯಕ. ಐರ್ಲೆಂಡಿನ ಕಿಲ್ಲೀ ಎಂಬ ಹಳ್ಳಿಯ ಪಾದ್ರಿ ಮಾರ್ಟಿನ್ ಬ್ರೋಫಿ ಸಾಕಿದ ಈ ನಾಯಿ 1929 ಮತ್ತು 1930ರಲ್ಲಿ ಇಂಗ್ಲಿಷ್ ಡರ್ಬಿ ಎಂಬ ದೊಡ್ಡ ಪಂದ್ಯವನ್ನು ಗೆದ್ದಿತು, ಸತತ 19 ಓಟಗಳಲ್ಲಿ ಮೊದಲಾಯಿತು, ಸಿನಿಮಾದಲ್ಲೂ ಕಾಣಿಸಿಕೊಂಡಿತು. ಮೊದಲ ಡರ್ಬಿಯ ಸಮಯದಲ್ಲೇ ಅದನ್ನು 800 ಗಿನಿಗೆ ಕೊಂಡರು. ಸತ್ತ ಮೇಲೆ ಕೆಡದಂತೆ ಒಳಗೆ ತುಂಬಿ ಉಳಿಸಿದ ಅದರ ದೇಹ ಇಂಗ್ಲೆಂಡಿನ ಟ್ರಿಂಗ್ ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ನಿಂತಿದೆ.

ಮಿಕ್ ಒಂದೇ ಒಂದು. ಅದರ ಹಿಂದೆ ಓಡಿದ ಸಾವಿರಾರು ನಾಯಿಗಳ ಕಥೆ ಬೇರೆ, ಮತ್ತು ಇಲ್ಲಿ ನಾನು ಹಾದಿಯ ತಿರುವಿಗೆ ಹಿಂದಿರುಗುತ್ತೇನೆ. ಮನುಷ್ಯ ತಿರುವಿನಲ್ಲಿ ಓಡುವಾಗ ತಾನಾಗಿ ವೇಗ ತಗ್ಗಿಸುತ್ತಾನೆ. ಗ್ರೇಹೌಂಡ್ ತಗ್ಗಿಸುವುದಿಲ್ಲ. ಅಷರ್‌ವುಡ್ ಮತ್ತು ವಿಲ್ಸನ್ ಎಂಬ ಸಂಶೋಧಕರು 2005ರಲ್ಲಿ ತೋರಿಸಿಕೊಟ್ಟಂತೆ, ತಿರುವಿನಲ್ಲಿ ಅದರ ಕಾಲುಗಳು ಸುಮಾರು 65 ಪ್ರತಿಶತ ಹೆಚ್ಚಿನ ಬಲವನ್ನು ತಡೆದುಕೊಳ್ಳುತ್ತವೆ. ಓಟ ಸದಾ ಎಡಕ್ಕೆ ತಿರುಗುವುದರಿಂದ ಹೊರಬದಿಯ ಬಲ ಹಿಂಗಾಲಿನ ಕೀಲಿನ ನಡುಮೂಳೆ ದಿನದಿನಕ್ಕೂ ಬಳಲಿ, ಒಂದು ದಿನ ಒಡೆಯುತ್ತದೆ. ಬಯಲಿನಲ್ಲಿ ಮೊಲದ ಹಿಂದೆ ಓಡುವ ನಾಯಿ ಎಡಕ್ಕೂ ಹೊರಳುತ್ತದೆ, ಬಲಕ್ಕೂ ಹೊರಳುತ್ತದೆ. ಬಾಜಿಗೆ ಬೇಕೆಂದು ತಂದ ತಿರುವೇ ನಾಯಿಯ ಕಾಲನ್ನು ಮುರಿಯಿತು ಎಂಬುದನ್ನು ನಾನು ಅಲಂಕಾರದ ಮಾತಾಗಿ ಹೇಳುತ್ತಿಲ್ಲ, ಅದು ಮೂಳೆಯಲ್ಲಿ ಕಾಣುವ ಸತ್ಯ.

ನಾಲ್ಕೈದು ವರ್ಷಕ್ಕೆ ಓಟ ಮುಗಿಯುವ ಈ ನಾಯಿ ಹನ್ನೆರಡು ವರ್ಷದವರೆಗೂ ಬದುಕಬಲ್ಲದು. ಉಳಿದ ವರ್ಷಗಳ ಅನ್ನ ಯಾರದು? ಲೆಕ್ಕದ ಪುಸ್ತಕದಲ್ಲಿ ಆ ಪ್ರಶ್ನೆಗೆ ಕಲಂ ಇರಲಿಲ್ಲ. ಇಂಗ್ಲೆಂಡಿನ ಡರಮ್ ಪ್ರಾಂತದಲ್ಲಿ ಒಬ್ಬ ವ್ಯಾಪಾರಿ ಹದಿನೈದು ವರ್ಷಗಳ ಕಾಲ ಓಟ ಮುಗಿಸಿದ ಗ್ರೇಹೌಂಡ್‌ಗಳನ್ನು ಹಣ ಪಡೆದು ಕೊಂದು ತನ್ನ ಜಮೀನಿನಲ್ಲಿ ಹೂಳುತ್ತಿದ್ದ ಸಂಗತಿಯನ್ನು 2006ರಲ್ಲಿ ಪತ್ರಿಕೆಯೊಂದು ಹೊರಗೆಡಹಿತು. ಹತ್ತು ಸಾವಿರಕ್ಕೂ ಹೆಚ್ಚು ನಾಯಿಗಳೆಂದು ವರದಿಯಾಗಿತ್ತು. 2015ರಲ್ಲಿ ಆಸ್ಟ್ರೇಲಿಯಾದ ದೂರದರ್ಶನ ವಾಹಿನಿಯೊಂದು ತರಬೇತಿಗೆ ಜೀವಂತ ಪ್ರಾಣಿಗಳನ್ನು ಕಟ್ಟಿ ಬಳಸುವುದನ್ನು ತೋರಿಸಿದಾಗ ಆ ದೇಶ ತಲ್ಲಣಿಸಿತು. ನ್ಯೂ ಸೌತ್ ವೇಲ್ಸ್ ಸರ್ಕಾರ 2016ರ ಜುಲೈಯಲ್ಲಿ ನಿಷೇಧ ಘೋಷಿಸಿ, ಅಕ್ಟೋಬರಿನಲ್ಲಿ ಹಿಂದೆ ಸರಿಯಿತು. ಅಮೆರಿಕದ ಫ್ಲೋರಿಡಾದಲ್ಲಿ 2018ರ ನವೆಂಬರಿನಲ್ಲಿ 69 ಪ್ರತಿಶತ ಮತದಾರರು ನಿಷೇಧದ ಪರ ನಿಂತರು, 2020ರ ಕೊನೆಗೆ ಅಲ್ಲಿ ಓಟ ನಿಂತಿತು. ನ್ಯೂಜಿಲೆಂಡ್ 2024ರ ಡಿಸೆಂಬರಿನಲ್ಲಿ, ವೇಲ್ಸ್ 2025ರ ಫೆಬ್ರವರಿಯಲ್ಲಿ ಇದೇ ನಿರ್ಧಾರ ಪ್ರಕಟಿಸಿದವು. ಬ್ರಿಟನ್ನಿನಲ್ಲಿ ಕಾನೂನಿಗಿಂತ ಮೊದಲೇ ಕಾಲ ತನ್ನ ಕೆಲಸ ಮಾಡಿತ್ತು: 1961ರಲ್ಲಿ ಬೀದಿಬೀದಿಗಳಲ್ಲಿ ಬಾಜಿ ಅಂಗಡಿಗಳು ತೆರೆದ ಮೇಲೆ ಓಟ ನೋಡಲು ಬರುವ ಜನ ಕಡಿಮೆಯಾದರು, ಲಂಡನ್ನಿನ ಟ್ರ್ಯಾಕುಗಳಾದ ವೈಟ್ ಸಿಟಿ 1984ರಲ್ಲಿ, ವಾಲ್ತಮ್‌ಸ್ಟೊ 2008ರಲ್ಲಿ ಮುಚ್ಚಿದವು.

ಇಂಗ್ಲೆಂಡಿನಲ್ಲಿ ನೆಲೆಸಿರುವ ನನ್ನ ಧಾರವಾಡದ ಗೆಳೆಯರೊಬ್ಬರ ಮನೆಯಲ್ಲಿ ಇಂಥ ನಿವೃತ್ತ ನಾಯಿಯನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಐರ್ಲೆಂಡಿನಲ್ಲಿ ಹುಟ್ಟಿದ್ದೆಂಬುದಕ್ಕೆ ಎರಡೂ ಕಿವಿಗಳ ಒಳಗೆ ಹಸಿರು ಅಕ್ಷರಗಳ ಹಚ್ಚೆ ಇತ್ತು. ಅದಕ್ಕೆ ಮೆಟ್ಟಿಲು ಹತ್ತಲು ಬರುತ್ತಿರಲಿಲ್ಲ, ಏಕೆಂದರೆ ಗೂಡು, ವಾಹನ, ಟ್ರ್ಯಾಕ್ ಈ ಮೂರನ್ನು ಬಿಟ್ಟು ಬೇರೇನನ್ನೂ ಅದು ಕಂಡಿರಲಿಲ್ಲ. ಗೆಳೆಯರ ಹೆಂಡತಿ ಒಂದೊಂದೇ ಪಾದವನ್ನು ಕೈಯಲ್ಲಿ ಹಿಡಿದು ಮೇಲಿನ ಮೆಟ್ಟಿಲಿಗೆ ಇಡಿಸುತ್ತಾ 'ಬಾ ಕಂದ, ಇನ್ನೊಂದು' ಎನ್ನುತ್ತಿದ್ದರು. ಕನ್ನಡ ತಿಳಿಯುವಂತೆ ಅದು ಕಿವಿ ನಿಗುರಿಸಿ ನಡುಗುತ್ತಾ ಏರುತ್ತಿತ್ತು.

ಮುಧೋಳದ ಮಾತಿಲ್ಲದೆ ಈ ಉಪನ್ಯಾಸ ಮುಗಿಯುವಂತಿರಲಿಲ್ಲ. ಬಾಗಲಕೋಟೆ ಸೀಮೆಯ ಜನ ಬ್ಯಾಟಿನಾಯಿ ಎಂದು ಕರೆಯುತ್ತಾ ಬಂದ ಈ ತಳಿಯನ್ನು ಮುಧೋಳ ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿದರು, ಬ್ರಿಟನ್ನಿನ ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿಯನ್ನು ಕಾಣಿಕೆಯಾಗಿ ಕೊಟ್ಟರೆಂದು ಊರವರು ಅಭಿಮಾನದಿಂದ ಹೇಳುತ್ತಾರೆ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿ ಬಂತು. ತಿಮ್ಮಾಪುರದಲ್ಲಿ ಪಶುವೈದ್ಯ ವಿಶ್ವವಿದ್ಯಾಲಯದ ತಳಿ ಸಂರಕ್ಷಣಾ ಕೇಂದ್ರವಿದೆ, 2016ರಲ್ಲಿ ಅಲ್ಲಿಂದ ಸೇನೆಗೆ ಮರಿಗಳು ಹೋದವು. ಮೊಲದ ಬೇಟೆಯನ್ನು 1972ರ ವನ್ಯಜೀವಿ ಕಾನೂನು ತಡೆದಿದೆ. ಆದ್ದರಿಂದ ಹಳೆಯ ಕೆಲಸ ಹೋಗಿ ಹೊಸ ಕೆಲಸ ಹುಡುಕುತ್ತಿರುವ ತಳಿ ಇದು.

ಮಾತು ಮುಗಿದ ಮೇಲೆ ಒಬ್ಬ ಯುವಕ ಎದ್ದು ನಿಂತು ಕೇಳಿದರು: ಹಾಗಾದರೆ ಮುಧೋಳದಲ್ಲೂ ಒಂದು ಟ್ರ್ಯಾಕ್ ಮಾಡಿದರೆ ಮರಿ ಸಾಕುವ ಕುಟುಂಬಗಳಿಗೆ ಆದಾಯ ಬರುವುದಿಲ್ಲವೇ? ಪ್ರಶ್ನೆ ಪ್ರಾಮಾಣಿಕವಾಗಿತ್ತು, ಆ ಕುಟುಂಬಗಳ ಕಷ್ಟವೂ ನಿಜ. ನಾನು ಹೇಳಿದ್ದು ಇಷ್ಟು: ನಾಯಿ ಓಡಲಿ, ನೇರ ಹೊಲದಲ್ಲಿ, ಸುಗ್ಗಿ ಮುಗಿದ ಮೇಲೆ, ನೋಡುವವರು ನೋಡಲಿ. ಆದರೆ ತಿರುವನ್ನೂ ಬಾಜಿಯನ್ನೂ ತರುವ ಮೊದಲು, ಸೋತ ನಾಯಿ ಎಂಟು ವರ್ಷ ಯಾರ ಜಗಲಿಯಲ್ಲಿ ಮಲಗುತ್ತದೆ ಎಂಬುದನ್ನು ಬರೆದು ಸಹಿ ಹಾಕಿಸಿಕೊಳ್ಳಬೇಕು. ಆಗ ಹಿಂದಿನ ಸಾಲಿನಿಂದ, ಮುಧೋಳ ತಾಲ್ಲೂಕಿನವರೇ ಆದ ಒಬ್ಬರು, ತಮ್ಮ ಮನೆಯ ಮುದಿ ನಾಯಿ ಈಗ ಅಟ್ಟುವುದನ್ನು ಬಿಟ್ಟಿದೆ, ಆದರೂ ದಿನಾ ಬೆಳಿಗ್ಗೆ ಹೊಲದ ಬದುವಿನವರೆಗೆ ಬಂದು ದೂರಕ್ಕೆ ನೋಡುತ್ತಾ ನಿಲ್ಲುತ್ತದೆ ಎಂದರು.